ಸೀಸೆಯಲ್ಲಿ ನಿಜವಾಗಿ ಎಷ್ಟಿದೆ: ಜಿಎಚ್‌ಆರ್‌ಪಿ-6 ಜೊತೆ ಪುಣೆಯ ಲ್ಯಾಬಿನಲ್ಲಿ ನನ್ನ ಅನುಭವ

ಜಿಎಚ್‌ಆರ್‌ಪಿ-6 ಎಂಬ ಪೆಪ್ಟೈಡಿನ ದ್ರಾವಣ ತುಂಬುವ ಪುಟ್ಟ ಕ್ವಾರ್ಟ್ಜ್ ಕ್ಯುವೆಟ್ಟನ್ನು ತೊಳೆದು, ಒರೆಸಿ, ದ್ರಾವಣ ಎಷ್ಟು ಬೆಳಕು ಹೀರುತ್ತದೆ ಎಂದು ಅಳೆಯುವ ಯಂತ್ರದೊಳಗೆ ಮತ್ತೆ ಇಟ್ಟೆ. ಮತ್ತೆ ಅದೇ 0.74. ನನ್ನ ಲೆಕ್ಕದ ಪ್ರಕಾರ 1.1 ಬರಬೇಕಿತ್ತು. ಯಂತ್ರದ ದೀಪ ಹಳೆಯದಾಗಿರಬಹುದು ಎಂದು ಪಕ್ಕದ ವಿಭಾಗಕ್ಕೆ ಒಯ್ದು ಅಲ್ಲಿಯ ಯಂತ್ರದಲ್ಲಿಟ್ಟೆ. ಅಲ್ಲಿಯೂ 0.74. ಜುಲೈ ತಿಂಗಳ ಮಳೆ ಕಿಟಕಿಗೆ ಹೊಡೆಯುತ್ತಿತ್ತು, ಲ್ಯಾಬಿನಲ್ಲಿ ನಾನೊಬ್ಬಳೇ ಇದ್ದೆ, ಆರು ವಾರಗಳ ಪ್ರಯೋಗದ ನೋಟ್‌ಬುಕ್ ಎದುರಿಗೆ ತೆರೆದುಕೊಂಡಿತ್ತು. ಅದರಲ್ಲಿ ಬರೆದ ಒಂದೊಂದು ಸಾಂದ್ರತೆಯೂ ತಪ್ಪು ಎಂದು ಆ ಒಂದು ಅಂಕಿ ಹೇಳುತ್ತಿತ್ತು.

ನಾನು ಹಾವೇರಿ ಕಡೆಯವಳು. ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ.ಗೆಂದು ಪುಣೆಗೆ ಬಂದೆ. ಪೆಪ್ಟೈಡ್, ಅಂದರೆ ಅಮೈನೋ ಆಮ್ಲಗಳ ಸಣ್ಣ ಸರಪಣಿ, ಕಟ್ಟುವುದು ನನ್ನ ಕೆಲಸವಾಗಬೇಕಿತ್ತು, ಅದನ್ನು ಕೋಶಗಳ ಮೇಲೆ ಪರೀಕ್ಷಿಸುವುದು ಬೇರೆಯವರದು. ಆ ಬೇರೆಯವರು ವಿದೇಶಕ್ಕೆ ಹೋದ ಮೇಲೆ ಎರಡೂ ನನ್ನ ತಲೆಗೇ ಬಂತು. ಹಾಗೆ ಬಂದಿದ್ದಕ್ಕೆ ಇವತ್ತು ನನಗೆ ಸಂತೋಷವಿದೆ. ಕಟ್ಟಿದವಳೇ ಅಳೆಯಬೇಕಾಗಿ ಬಂದಿರದಿದ್ದರೆ ಆ 0.74ರ ಮುಂದೆ ನಾನು ಕೂರುತ್ತಲೇ ಇರಲಿಲ್ಲ.

ವಿಷಯ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನಮ್ಮ ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ಇದೆ. ಬೆಳವಣಿಗೆ ಹಾರ್ಮೋನನ್ನು ಹೊರಬಿಡುವುದು ಅದು. ಮೇಲಿನಿಂದ ಹೈಪೋಥಲಾಮಸ್ ಎಂಬ ಮಿದುಳಿನ ಭಾಗ ಎರಡು ಬಗೆಯ ಸಂದೇಶ ಕಳಿಸುತ್ತದೆ. 'ಬಿಡು' ಎನ್ನುವುದು ಜಿಎಚ್‌ಆರ್‌ಎಚ್, 'ತಡೆ' ಎನ್ನುವುದು ಸೊಮ್ಯಾಟೋಸ್ಟ್ಯಾಟಿನ್. ತಡೆಯುವುದು 1973ರಲ್ಲೇ ಸಿಕ್ಕಿತು. ಬಿಡಿಸುವುದು ಸಿಗಲು 1982ರವರೆಗೆ ಕಾಯಬೇಕಾಯಿತು, ಅದೂ ಮಿದುಳಿನಲ್ಲಿ ಸಿಗದೆ ಮೇದೋಜೀರಕ ಗ್ರಂಥಿಯ ಗಡ್ಡೆಗಳಲ್ಲಿ ಸಿಕ್ಕಿತು. ಆ ಗಡ್ಡೆಯಿದ್ದ ರೋಗಿಗಳ ಕೈಕಾಲು, ದವಡೆ ಅತಿಯಾಗಿ ಬೆಳೆದಿದ್ದವು.

ಇವೆರಡರ ನಡುವೆ ಮೂರನೆಯದೊಂದು ದಾರಿ ಇದೆ ಎಂಬುದು ಗೊತ್ತಾದ ಬಗೆಯನ್ನು ನಾನು ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ. ನ್ಯೂ ಆರ್ಲಿಯನ್ಸ್‌ನ ಟುಲೇನ್ ವಿಶ್ವವಿದ್ಯಾಲಯದಲ್ಲಿ ಸಿರಿಲ್ ಬವರ್ಸ್ ಮತ್ತು ಜೊತೆಗಾರರು 1970ರ ದಶಕದ ಕೊನೆಯಲ್ಲಿ ಮೆಟ್-ಎನ್‌ಕೆಫಾಲಿನ್ ಎಂಬ ಐದು ಅಮೈನೋ ಆಮ್ಲಗಳ ಪೆಪ್ಟೈಡನ್ನು ಬದಲಿಸಿ ನೋಡುತ್ತಿದ್ದರು. ಅದು ದೇಹದ ಸ್ವಂತ ನೋವುನಿವಾರಕ. ಎರಡನೇ ಸ್ಥಾನದ ಗ್ಲೈಸಿನ್ ತೆಗೆದು ಡಿ-ಟ್ರಿಪ್ಟೋಫಾನ್ (ಡಿ ಎಂದರೆ ಕನ್ನಡಿಯ ಬಿಂಬದಂತೆ ತಿರುಗಿದ ರೂಪ) ಇಟ್ಟಾಗ ನೋವು ಕಳೆಯುವ ಗುಣ ಹೋಯಿತು, ಪಿಟ್ಯುಟರಿ ಕೋಶಗಳಿಂದ ಬೆಳವಣಿಗೆ ಹಾರ್ಮೋನ್ ಹೊರಬಂತು. ಆಗ ಅದು ಬಹಳ ದುರ್ಬಲ, ಜೀವಂತ ಪ್ರಾಣಿಯಲ್ಲಿ ಕೆಲಸವನ್ನೇ ಮಾಡಲಿಲ್ಲ. ತಿದ್ದುತ್ತ ತಿದ್ದುತ್ತ 1984ರ ಹೊತ್ತಿಗೆ ಆರು ಅಮೈನೋ ಆಮ್ಲಗಳ ಜಿಎಚ್‌ಆರ್‌ಪಿ-6 ಸಿದ್ಧವಾಯಿತು: ಹಿಸ್ಟಿಡಿನ್, ಡಿ-ಟ್ರಿಪ್ಟೋಫಾನ್, ಅಲನಿನ್, ಟ್ರಿಪ್ಟೋಫಾನ್, ಡಿ-ಫಿನೈಲ್‌ಅಲನಿನ್, ಲೈಸಿನ್ ಅಮೈಡ್. ಇದು ಕೋಶದ ಯಾವ ಬಾಗಿಲನ್ನು ತಟ್ಟುತ್ತದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. 1996ರಲ್ಲಿ ಮರ್ಕ್ ಕಂಪನಿಯ ವಿಜ್ಞಾನಿಗಳು ಆ ರಿಸೆಪ್ಟರ್‌ನ ಜೀನ್ ಹುಡುಕಿದರು. ಬಾಗಿಲಿದೆ ಎಂದ ಮೇಲೆ ಅದನ್ನು ತಟ್ಟುವ ದೇಹದ್ದೇ ಆದ ಅಣುವೂ ಇರಬೇಕಲ್ಲ. ಜಪಾನಿನ ಕೊಜಿಮಾ ಮತ್ತು ಕಂಗಾವಾ 1999ರಲ್ಲಿ ಅದನ್ನು ಕಂಡುಹಿಡಿದರು. ಎಲ್ಲರೂ ಮಿದುಳಿನಲ್ಲಿ ಹುಡುಕುತ್ತಿದ್ದದ್ದು ಇಲಿಯ ಹೊಟ್ಟೆಯಲ್ಲಿತ್ತು. ಅದೇ ಗ್ರೆಲಿನ್. 28 ಅಮೈನೋ ಆಮ್ಲ, ಮೂರನೆಯದರ ಮೇಲೆ ಎಂಟು ಕಾರ್ಬನ್‌ನ ಕೊಬ್ಬಿನ ಬಾಲ. ಆ ಬಾಲವಿಲ್ಲದಿದ್ದರೆ ಈ ರಿಸೆಪ್ಟರ್ ಅದನ್ನು ಗುರುತಿಸುವುದಿಲ್ಲ. ಕೃತಕ ಅಣು ಮೊದಲು, ಅದರ ರಿಸೆಪ್ಟರ್ ಆಮೇಲೆ, ದೇಹದ ಸ್ವಂತ ಅಣು ಕೊನೆಗೆ. ಸಾಮಾನ್ಯವಾಗಿ ನಡೆಯುವ ಕ್ರಮಕ್ಕೆ ಇದು ಪೂರ್ತಿ ತಿರುಗುಮುರುಗು.

ನಾನು ಕಟ್ಟಬೇಕಾಗಿದ್ದದ್ದು ಆ ಆರರ ಸರಪಣಿ ಮತ್ತು ಅದರ ಕೆಲವು ಬದಲಿ ರೂಪಗಳು. ಒಂದೊಂದು ಅಮೈನೋ ಆಮ್ಲವನ್ನು ಒಂದು ಅಕ್ಷರ ಎಂದುಕೊಂಡರೆ, ಪೆಪ್ಟೈಡ್ ಕಟ್ಟುವುದು ಕೊನೆಯ ಅಕ್ಷರದಿಂದ ಮೊದಲ ಅಕ್ಷರದ ಕಡೆಗೆ. ಲೈಸಿನನ್ನು ಮೊದಲು ರಿಂಕ್ ಅಮೈಡ್ ರೆಸಿನ್ ಎಂಬ ಸಣ್ಣ ಮಣಿಗಳಿಗೆ ಅಂಟಿಸಿ, ಒಂದೊಂದಾಗಿ ಹಿಂದಕ್ಕೆ ಪೋಣಿಸುತ್ತ ಹಿಸ್ಟಿಡಿನ್‌ಗೆ ಬರಬೇಕು. ಈ ಘನ ಆಧಾರದ ವಿಧಾನವನ್ನು ಬ್ರೂಸ್ ಮೆರಿಫೀಲ್ಡ್ 1963ರಲ್ಲಿ ಪ್ರಕಟಿಸಿದರು, 1984ರಲ್ಲಿ ಅದಕ್ಕೆ ನೊಬೆಲ್ ಬಂತು. ನಮ್ಮ ಲ್ಯಾಬಿನ ಸ್ವಯಂಚಾಲಿತ ಯಂತ್ರ ಕೆಟ್ಟು ಕೂತಿತ್ತು. ನಾನು ಕೈಯಲ್ಲೇ, ಫ್ರಿಟ್ ಎಂಬ ಸೋಸುಬಿಲ್ಲೆ ಇರುವ ಪ್ಲಾಸ್ಟಿಕ್ ಸಿರಿಂಜಿನಲ್ಲಿ ಮಾಡಿದೆ. 0.1 ಮಿಲಿಮೋಲ್ ಪ್ರಮಾಣ, ಪ್ರತಿ ಅಮೈನೋ ಆಮ್ಲ ನಾಲ್ಕು ಪಟ್ಟು ಹೆಚ್ಚು, ಒಂದೊಂದು ಜೋಡಣೆಗೆ ಒಂದು ಗಂಟೆ.

ಪ್ರತಿ ಜೋಡಣೆಯ ಆಮೇಲೆ ಕೈಸರ್ ಪರೀಕ್ಷೆ. ಹತ್ತಿಪ್ಪತ್ತು ಮಣಿಗಳನ್ನು ತೆಗೆದು ನಿನ್‌ಹೈಡ್ರಿನ್ ಹಾಕಿ ಐದು ನಿಮಿಷ ಬಿಸಿ ಮಾಡಿದರೆ, ಜೋಡಣೆ ಪೂರ್ತಿಯಾಗಿದ್ದಲ್ಲಿ ಮಣಿಗಳು ಹಳದಿಯಾಗಿಯೇ ಇರುತ್ತವೆ, ಬಾಕಿ ಉಳಿದಿದ್ದರೆ ನೀಲಿ. ಮೊದಲ ಸಲ ನಾಲ್ಕನೆಯ ಜೋಡಣೆಯಲ್ಲಿ, ಅಂದರೆ ಅಲನಿನ್ ಹಾಕುವಾಗ, ಹಳದಿಯ ನಡುವೆ ಎರಡು ಮೂರು ಮಣಿಗಳಿಗೆ ತಿಳಿ ನೀಲಿ ಅಂಚು ಕಂಡಿತು. ಬಿಟ್ಟುಬಿಡಬಹುದಿತ್ತು. ಆದರೆ ಅಲ್ಲಿ ಬಿಟ್ಟದ್ದು ಕೊನೆಗೆ ಒಂದು ಅಕ್ಷರ ಕಡಿಮೆಯಿರುವ ಪೆಪ್ಟೈಡಾಗಿ ನಿಜವಾದದ್ದರ ಪಕ್ಕದಲ್ಲೇ ಬರುತ್ತದೆ, ಬೇರ್ಪಡಿಸಲು ದಿನಗಟ್ಟಲೆ ಹಿಡಿಯುತ್ತದೆ. ಮತ್ತೊಮ್ಮೆ ಜೋಡಿಸಿದೆ. ಈಗಲೂ ವಿದ್ಯಾರ್ಥಿಗಳಿಗೆ ಮಣಿಗಳನ್ನು ಬಿಳಿ ಕಾಗದದ ಮೇಲೆ ಸುರಿದು ಭೂತಗನ್ನಡಿಯಲ್ಲಿ ನೋಡಿ ಎಂದು ಹೇಳುತ್ತೇನೆ. ನಳಿಕೆಯಲ್ಲಿನ ದ್ರವದ ಬಣ್ಣ ಮೋಸ ಮಾಡುತ್ತದೆ, ಮಣಿ ಮಾಡುವುದಿಲ್ಲ.

ಕೊನೆಗೆ ಟಿಎಫ್‌ಎ ಎಂಬ ಬಲವಾದ ಆಮ್ಲ 95 ಭಾಗ, ನೀರು ಎರಡೂವರೆ, ಟ್ರೈಐಸೊಪ್ರೊಪೈಲ್ ಸಿಲೇನ್ ಎರಡೂವರೆ ಸೇರಿಸಿ ಮಣಿಯಿಂದ ಬಿಡಿಸಿದೆ. ತಣ್ಣನೆಯ ಈಥರಿಗೆ ಸುರಿದಾಗ ಒಡೆದ ಹಾಲಿನ ಹಾಗೆ ಬಿಳಿ ಚೂರುಗಳು ಇಳಿದವು. ಆ ಖುಷಿ ಅಣುವಿನ ತೂಕ ತೋರಿಸುವ ಮಾಸ್ ಸ್ಪೆಕ್ಟ್ರಮ್ ಬರುವವರೆಗೆ ಮಾತ್ರ. 873.5 ಬರಬೇಕಾದ ಕಡೆ ಬಂದಿತ್ತು, ಆದರೆ ಅದರ ಪಕ್ಕದಲ್ಲಿ 917.4 ಅಷ್ಟೇ ಎತ್ತರಕ್ಕೆ ನಿಂತಿತ್ತು, ಇನ್ನೂ ಆಚೆ 961.4 ಸಣ್ಣದಾಗಿ. 44, ಮತ್ತೆ 44.

ಎರಡು ದಿನ ನಾನು ಇದನ್ನು ಹಾಳಾದ ಮಾಲು ಎಂದೇ ತಿಳಿದಿದ್ದೆ. ಎಸೆಯುವ ಮೊದಲು ಯಾಕೆ 44 ಎಂದು ಕುಳಿತು ಯೋಚಿಸಿದೆ. ಕಾರ್ಬನ್ ಡೈಆಕ್ಸೈಡ್ 44. ನನ್ನ ಸರಪಣಿಯಲ್ಲಿ ಎರಡು ಟ್ರಿಪ್ಟೋಫಾನ್. ಅದರ ಇಂಡೋಲ್ ಉಂಗುರವನ್ನು ಕಾಯಲು ಹಾಕಿದ ಬಾಕ್ ಎಂಬ ರಕ್ಷಾಕವಚ ಕಳಚುವಾಗ ಎರಡು ಹಂತದಲ್ಲಿ ಕಳಚುತ್ತದೆ. ಮೊದಲು ಬ್ಯುಟೈಲ್ ಭಾಗ ಹೋಗುತ್ತದೆ, ಕಾರ್ಬನ್ ಡೈಆಕ್ಸೈಡ್ ಇಂಡೋಲಿಗೆ ಅಂಟಿಕೊಂಡೇ ಸ್ವಲ್ಪ ಹೊತ್ತು ಉಳಿಯುತ್ತದೆ. ಒಂದು ಟ್ರಿಪ್ಟೋಫಾನ್ ಮೇಲೆ ಉಳಿದರೆ 44, ಎರಡರ ಮೇಲೂ ಉಳಿದರೆ 88. ದುರ್ಬಲ ಅಸಿಟಿಕ್ ಆಮ್ಲದ ನೀರಿನಲ್ಲಿ ಕರಗಿಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ 917 ಇರಲಿಲ್ಲ, 961 ಇರಲಿಲ್ಲ, 873.5 ಒಂದೇ. ಆ ಬೆಳಿಗ್ಗೆ ಊರಿಗೆ ಫೋನ್ ಮಾಡಿ ಅವ್ವನಿಗೆ ಹೇಳಿದೆ. ಅವಳಿಗೆ ಪೆಪ್ಟೈಡ್ ಗೊತ್ತಿಲ್ಲ, ಆದರೆ ನನ್ನ ದನಿ ಕೇಳಿ, "ಕೆಲಸ ಆತಲ್ಲ, ಇನ್ನ ಊಟಾ ಮಾಡು" ಎಂದಳು.

ಮಿಶ್ರಣವನ್ನು ಬೇರ್ಪಡಿಸುವ ಸಿ-18 ಕಾಲಂನಲ್ಲಿ ಶುದ್ಧೀಕರಿಸಿ, ಲಯೊಫಿಲೈಜರ್‌ನಲ್ಲಿ ಹೆಪ್ಪುಗಟ್ಟಿಸಿ ಒಣಗಿಸಿದ ಮೇಲೆ ಹತ್ತಿಯಂಥ ಬಿಳಿ ಪುಡಿ ಸಿಕ್ಕಿತು. ಅಂಥದೇ ಕಾಲಂನಲ್ಲಿ ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಶುದ್ಧತೆ ಶೇ. 97. ನನ್ನ ತಪ್ಪು ಶುರುವಾದದ್ದು ಇಲ್ಲಿಂದ. 97 ಎಂದರೆ ಪುಡಿಯ 100 ಭಾಗದಲ್ಲಿ 97 ಪೆಪ್ಟೈಡ್ ಎಂದು ತಿಳಿದೆ. ತೂಗಿ, ಅಣುತೂಕ 873 ಎಂದು ಹಿಡಿದು, 100 ಮೈಕ್ರೋಮೋಲಾರ್ ದ್ರಾವಣ ಮಾಡಿ, ಸಣ್ಣ ಸಣ್ಣ ನಳಿಕೆಗಳಿಗೆ ಹಂಚಿ ಫ್ರೀಜರಿನಲ್ಲಿಟ್ಟು, ಆರು ವಾರ ಅದನ್ನೇ ಬಳಸಿದೆ.

ಎಚ್‌ಪಿಎಲ್‌ಸಿ ನೋಡುವುದು 214 ನ್ಯಾನೋಮೀಟರ್ ಬೆಳಕನ್ನು ಹೀರುವ ವಸ್ತುಗಳನ್ನು ಮಾತ್ರ. ನೀರು ಅದಕ್ಕೆ ಕಾಣುವುದಿಲ್ಲ. ಟಿಎಫ್‌ಎ ಪೆಪ್ಟೈಡಿಗಿಂತ ಮೊದಲೇ ಕಾಲಂ ದಾಟಿ ಹೋಗಿಬಿಡುತ್ತದೆ, ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ತಕ್ಕಡಿ ಎಲ್ಲವನ್ನೂ ತೂಗುತ್ತದೆ. ಜಿಎಚ್‌ಆರ್‌ಪಿ-6ರಲ್ಲಿ ಪ್ರತ್ಯಾಮ್ಲೀಯ ಜಾಗ ಮೂರು: ಮುಂದಿನ ತುದಿ, ಹಿಸ್ಟಿಡಿನ್, ಲೈಸಿನ್. ಮೂರಕ್ಕೂ ಒಂದೊಂದು ಟಿಎಫ್‌ಎ ಅಂಟಿರುತ್ತದೆ. ಒಂದರ ತೂಕ 114. ಮೂರಕ್ಕೆ 342. 873ಕ್ಕೆ ಕೂಡಿಸಿದರೆ 1215. ಅಂದರೆ ಪೂರ್ತಿ ಒಣಗಿದ ಪುಡಿಯಲ್ಲೂ ಪೆಪ್ಟೈಡ್ ಶೇ. 72 ಮಾತ್ರ. ಮೇಲೆ ಗಾಳಿಯ ತೇವ. ಪುಣೆಯ ಮಳೆಗಾಲದಲ್ಲಿ ಫ್ರೀಜರಿನಿಂದ ತೆಗೆದ ಸೀಸೆಯನ್ನು ತಣ್ಣಗಿರುವಾಗಲೇ ತೆರೆದರೆ ಆ ಹತ್ತಿ ಕಣ್ಣೆದುರಿಗೇ ಕುಗ್ಗಿ ಅಂಟಂಟಾಗುತ್ತದೆ. ನಾನು ಹಾಗೆ ತೆರೆದಿದ್ದೆ.

ಇದು ನನಗೆ ಹೊಳೆದದ್ದು ಟ್ರಿಪ್ಟೋಫಾನ್‌ನಿಂದ. ಅದು 280 ನ್ಯಾನೋಮೀಟರಿನಲ್ಲಿ ಬೆಳಕು ಹೀರುತ್ತದೆ, ಒಂದು ಮೋಲಾರ್ ದ್ರಾವಣದ ಲೆಕ್ಕದಲ್ಲಿ ಒಂದಕ್ಕೆ ಸುಮಾರು 5,500, ಎರಡಕ್ಕೆ 11,000. ನೂರು ಮೈಕ್ರೋಮೋಲಾರ್ ಇದ್ದರೆ 1.1 ಬರಬೇಕು. ಬಂದದ್ದು 0.74. ಭಾಗಿಸಿದರೆ 67. ಲವಣದ ಲೆಕ್ಕದ 72, ಅದರಿಂದ ಐದಾರು ಪಾಲು ತೇವ ಕಳೆದರೆ ಅದೇ 67. ಯಂತ್ರ ಸರಿಯಾಗಿಯೇ ಹೇಳುತ್ತಿತ್ತು. ಅಂದಿನಿಂದ ನಮ್ಮ ಬೆಂಚಿನ ಮೇಲೆ ಒಂದು ಪದ್ಧತಿ ಬಂತು: ಸೀಸೆಯನ್ನು ತೇವವಿಲ್ಲದ ಪಾತ್ರೆಯಾದ ಡೆಸಿಕೇಟರ್‌ನಲ್ಲಿ ಒಂದು ಗಂಟೆ ಇಟ್ಟು ಕೋಣೆಯ ಉಷ್ಣತೆಗೆ ತಂದ ಮೇಲೆಯೇ ತೆರೆಯುವುದು, ತೂಕ ಅಂದಾಜಿಗೆ ಮಾತ್ರ, ನಳಿಕೆಯ ಮೇಲೆ ಬರೆಯುವುದು ಬೆಳಕಿನಿಂದ ಅಳೆದ ಸಾಂದ್ರತೆ.

ಕೋಶಗಳ ಕಡೆಗೆ ಬರುತ್ತೇನೆ. ಮೊದಲು ನಾನು ಜಿಎಚ್-3 ಎಂಬ ಇಲಿಯ ಪಿಟ್ಯುಟರಿ ಗಡ್ಡೆಯ ಕೋಶಗಳಿಂದ ಶುರುಮಾಡಿದೆ. ಹೆಸರಿನಲ್ಲೇ ಜಿಎಚ್ ಇದೆ, ಬೆಳವಣಿಗೆ ಹಾರ್ಮೋನನ್ನು ತಾವಾಗಿಯೇ ಸುರಿಸುತ್ತವೆ, ಬೆಳೆಸುವುದೂ ಸುಲಭ. ಆದರೆ ಅವುಗಳಲ್ಲಿ ಜಿಎಚ್‌ಆರ್‌ಎಚ್‌ನ ರಿಸೆಪ್ಟರ್ ಇಲ್ಲವೆನ್ನುವಷ್ಟು ಕಡಿಮೆ. ನನಗೆ ಜಿಎಚ್‌ಆರ್‌ಎಚ್ ಮತ್ತು ಜಿಎಚ್‌ಆರ್‌ಪಿ-6ರ ಎರಡು ದಾರಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಬೇಕಿತ್ತು, ಹಾಗಾಗಿ ಅವುಗಳನ್ನು ಬಿಟ್ಟೆ. ಎರಡು ವ್ಯವಸ್ಥೆ ಆರಿಸಿಕೊಂಡೆ. ಒಂದು, ಎಚ್‌ಇಕೆ-293 ಎಂಬ ಮನುಷ್ಯ ಮೂತ್ರಪಿಂಡ ಮೂಲದ ಕೋಶಗಳಿಗೆ ಗ್ರೆಲಿನ್ ರಿಸೆಪ್ಟರ್‌ನ ಜೀನ್ ಹಾಕಿ, ರಿಸೆಪ್ಟರ್ ಎಚ್ಚೆತ್ತಾಗ ಕೋಶದೊಳಗೆ ಏರುವ ಕ್ಯಾಲ್ಸಿಯಂ ಅಳೆಯುವುದು. ಇಂಥ ಕೋಶಗಳ ಭಂಡಾರ ನಮ್ಮ ಪುಣೆಯಲ್ಲೇ, ಗಣೇಶಖಿಂಡದ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರ ಎನ್‌ಸಿಸಿಎಸ್‌ನಲ್ಲಿದೆ, ಹೊರದೇಶದಿಂದ ಬರುವುದನ್ನು ಕಾಯಬೇಕಾಗಿಲ್ಲ. ಇನ್ನೊಂದು, ಇಲಿಯ ಪಿಟ್ಯುಟರಿಯಿಂದ ನೇರವಾಗಿ ತೆಗೆದ ಕೋಶಗಳು.

ಎರಡನೆಯದಕ್ಕೆ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಬೇಕು, ಬೇಕಾಗಿರುವುದೂ ಸರಿಯೇ. ನನ್ನ ಕೆಲಸಕ್ಕೆಂದೇ ಪ್ರತ್ಯೇಕವಾಗಿ ಇಲಿ ಕೊಲ್ಲಲು ಮನಸ್ಸಾಗಲಿಲ್ಲ. ಇನ್ನೊಂದು ತಂಡ ಯಕೃತ್ತಿನ ಅಧ್ಯಯನಕ್ಕೆ ಕಂಟ್ರೋಲ್ ಆಗಿ, ಅಂದರೆ ಹೋಲಿಕೆಗೆ, ಬಳಸುತ್ತಿದ್ದ ಗಂಡು ವಿಸ್ಟರ್ ಇಲಿಗಳ ತಲೆ ಅವರಿಗೆ ಬೇಡವಾಗಿತ್ತು. ಆ ಹಂಚಿಕೆಯನ್ನೇ ಅರ್ಜಿಯಲ್ಲಿ ಬರೆದೆವು. ಮಿದುಳನ್ನು ಮೆಲ್ಲಗೆ ಎತ್ತಿದ ಮೇಲೆ ತಲೆಬುರುಡೆಯ ತಳದಲ್ಲಿ, ಒಂದು ಸಣ್ಣ ಗುಂಡಿಯಲ್ಲಿ, ಅದು ಅಂಟಿಕೊಂಡು ಕೂತಿರುತ್ತದೆ. ಹತ್ತು ಮಿಲಿಗ್ರಾಂ ಆಸುಪಾಸು. ಮುಂದಿನ ಹಾಲೆ ನಸುಗೆಂಪು, ಹಿಂದಿನದು ಬಿಳಿಚು. ಬಿಳಿಚನ್ನು ಸೂಜಿಯ ತುದಿಯಿಂದ ಬಿಡಿಸಿ ತೆಗೆಯಬೇಕು. ಮೊದಲ ಸಲ ನನ್ನ ಕೈ ನಡುಗಿತು. ಅಷ್ಟು ಚಿಕ್ಕದು ಇಡೀ ಪ್ರಾಣಿಯ ಬೆಳವಣಿಗೆಯನ್ನು ನಡೆಸುತ್ತದೆ ಎನ್ನುವುದನ್ನು ಓದುವುದು ಬೇರೆ, ಚಿಮುಟದ ತುದಿಯಲ್ಲಿ ಹಿಡಿಯುವುದು ಬೇರೆ.

ಕೊಲಾಜಿನೇಸ್ ಹಾಕಿ 37 ಡಿಗ್ರಿಯಲ್ಲಿ ಕೋಶಗಳನ್ನು ಬಿಡಿಬಿಡಿಯಾಗಿಸಿ, ಮೂರು ದಿನ ತಟ್ಟೆಯ ಗುಳಿಗಳಲ್ಲಿ ನೆಲೆಯೂರಲು ಬಿಟ್ಟೆ. ನಾಲ್ಕನೆಯ ದಿನ ಸೀರಂ ಇಲ್ಲದ ಮಾಧ್ಯಮದಲ್ಲಿ ಎರಡು ಸಲ ತೊಳೆದು, ಒಂದು ಗಂಟೆ ಸುಮ್ಮನೆ ಬಿಟ್ಟು, ಆಮೇಲೆ ಪೆಪ್ಟೈಡ್ ಹಾಕಿ ಹದಿನೈದು ನಿಮಿಷ. ಮೇಲಿನ ದ್ರವ ತೆಗೆದು ಎಲೈಸಾದಲ್ಲಿ ಹಾರ್ಮೋನ್ ಅಳತೆ. ಆ ಒಂದು ಗಂಟೆಯನ್ನು ಉಳಿಸಲು ಹೋಗಬೇಡಿ. ತೊಳೆಯುವ ಅಲುಗಾಟಕ್ಕೇ ಕೋಶಗಳು ಹಾರ್ಮೋನ್ ಚೆಲ್ಲುತ್ತವೆ. ನನ್ನ ಮೊದಲ ತಟ್ಟೆಯಲ್ಲಿ ಏನೂ ಹಾಕದ ಗುಳಿಗಳೇ ಪೆಪ್ಟೈಡ್ ಹಾಕಿದ ಗುಳಿಗಳಷ್ಟು ಕೊಟ್ಟಿದ್ದವು.

ಕಂಟ್ರೋಲ್‌ಗಳ ಬಗ್ಗೆ ನನಗೆ ಹಟವಿದೆ. ಪ್ರತಿ ತಟ್ಟೆಯಲ್ಲೂ ಹೆಚ್ಚು ಪೊಟ್ಯಾಸಿಯಂ ಕ್ಲೋರೈಡ್ ಹಾಕಿದ ಗುಳಿ ಇರಲೇಬೇಕು. ಅದು ರಿಸೆಪ್ಟರ್‌ನ ಗೊಡವೆಯಿಲ್ಲದೆ ಕೋಶವನ್ನು ನೇರವಾಗಿ ಪ್ರಚೋದಿಸುತ್ತದೆ, ಕೋಶದಲ್ಲಿ ಬಿಡಲು ಹಾರ್ಮೋನ್ ಇದೆಯೋ ಇಲ್ಲವೋ ಎಂದು ತಿಳಿಸುತ್ತದೆ. ಸೊಮ್ಯಾಟೋಸ್ಟ್ಯಾಟಿನ್ ಹಾಕಿದ ಗುಳಿ ಬೇಕು, ಬಿಡುಗಡೆ ತಗ್ಗಬೇಕು. ಜೊತೆಗೆ ನನಗೆ ತುಂಬ ಇಷ್ಟವಾದ ಇನ್ನೊಂದು: ಜಿಎಚ್‌ಆರ್‌ಪಿ-6ರ ಮೂರನೆಯ ಸ್ಥಾನದ ಅಲನಿನ್ ತೆಗೆದು ಡಿ-ಲೈಸಿನ್ ಇಟ್ಟರೆ, ಅದೇ ಪೆಪ್ಟೈಡ್ ರಿಸೆಪ್ಟರಿಗೆ ಅಂಟಿ ಬೇರೆಯದಕ್ಕೆ ಅಡ್ಡ ನಿಲ್ಲುತ್ತದೆ. ಆರರಲ್ಲಿ ಒಂದು ಬದಲಾದದ್ದಕ್ಕೆ ಪ್ರಚೋದಕ ಪ್ರತಿರೋಧಕವಾಯಿತು. ಅದನ್ನೂ ನಾನೇ ಕಟ್ಟಿದೆ, ಅದೇ ಸಿರಿಂಜಿನಲ್ಲಿ, ಅದೇ ವಾರ. ಮೊದಲು ಅದನ್ನು ಹಾಕಿ ಆಮೇಲೆ ಜಿಎಚ್‌ಆರ್‌ಪಿ-6 ಹಾಕಿದಾಗ ಕ್ಯಾಲ್ಸಿಯಂ ಗೆರೆ ಏಳದೆ ಮಲಗಿಯೇ ಇದ್ದದ್ದನ್ನು ಪರದೆಯ ಮೇಲೆ ನೋಡಿದ ಆ ಸಂಜೆಯೇ, ನಾನು ಅಳೆಯುತ್ತಿರುವುದು ನಿಜವಾಗಿಯೂ ಈ ರಿಸೆಪ್ಟರನ್ನೇ ಎಂದು ನನಗೆ ನಂಬಿಕೆ ಬಂತು.

ಜಿಎಚ್‌ಆರ್‌ಎಚ್ ಮತ್ತು ಜಿಎಚ್‌ಆರ್‌ಪಿ-6 ಎರಡೂ ಹಾರ್ಮೋನ್ ಬಿಡಿಸಿದರೂ ಕೋಶದೊಳಗಿನ ಹಾದಿ ಬೇರೆ. ಮೊದಲನೆಯದು ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣುವನ್ನು ಏರಿಸುತ್ತದೆ, ಎರಡನೆಯದು ಕೋಶದೊಳಗಿನ ಕ್ಯಾಲ್ಸಿಯಂ ದಾಸ್ತಾನನ್ನು ತೆರೆಯುತ್ತದೆ. ಜೀವಂತ ದೇಹದಲ್ಲಿ ಎರಡನ್ನೂ ಒಟ್ಟಿಗೆ ಕೊಟ್ಟರೆ ಬರುವ ಹಾರ್ಮೋನ್ ಎರಡರ ಮೊತ್ತವನ್ನೂ ಮೀರುತ್ತದೆ. ನನ್ನ ತಟ್ಟೆಯಲ್ಲಿ ಅಷ್ಟು ಬರಲಿಲ್ಲ, ಬಹುಮಟ್ಟಿಗೆ ಕೂಡಿಸಿದಷ್ಟೇ ಬಂತು. ಮೊದಲು ಇದು ಸೋಲು ಎನಿಸಿತ್ತು. ಆದರೆ ದೇಹದಲ್ಲಿ ಈ ಪೆಪ್ಟೈಡ್ ಹೈಪೋಥಲಾಮಸ್ ಮೇಲೂ ಕೆಲಸ ಮಾಡುತ್ತದೆ, ನನ್ನ ತಟ್ಟೆಯಲ್ಲಿ ಹೈಪೋಥಲಾಮಸ್ ಇಲ್ಲ. ತಟ್ಟೆಗೆ ಗೊತ್ತಿರುವುದನ್ನು ಮಾತ್ರ ತಟ್ಟೆ ಹೇಳುತ್ತದೆ.

ಇನ್ನು ಪ್ಲಾಸ್ಟಿಕ್ಕಿನ ಕಥೆ. ಸಾಂದ್ರತೆ ಸರಿಪಡಿಸಿದ ಮೇಲೂ ಸಾಂದ್ರತೆಗೆ ತಕ್ಕ ಪರಿಣಾಮ ತೋರಿಸುವ ನನ್ನ ವಕ್ರರೇಖೆ ಬಲಕ್ಕೆ ಸರಿದೇ ಇತ್ತು, ಅಂದರೆ ಅದೇ ಪರಿಣಾಮಕ್ಕೆ ಹೆಚ್ಚು ಪೆಪ್ಟೈಡ್ ಬೇಕಾಗುತ್ತಿತ್ತು. ಅರ್ಧ ಪರಿಣಾಮಕ್ಕೆ ಬೇಕಾಗುವ ಸಾಂದ್ರತೆ ನನ್ನ ಕೈಯಲ್ಲಿ 20 ನ್ಯಾನೋಮೋಲಾರ್. 1998ರಲ್ಲಿ ನೋವೊ ನಾರ್ಡಿಸ್ಕ್ ಕಂಪನಿಯ ತಂಡ ಇದೇ ವರ್ಗದ ಇನ್ನೊಂದು ಪೆಪ್ಟೈಡ್ ಇಪಾಮೊರೆಲಿನ್ ಬಗ್ಗೆ ಪ್ರಕಟಿಸಿದ ಪ್ರಬಂಧದಲ್ಲಿ, ಇಲಿಯ ಪಿಟ್ಯುಟರಿ ಕೋಶಗಳಲ್ಲಿ ಜಿಎಚ್‌ಆರ್‌ಪಿ-6ಕ್ಕೆ 2.2, ಇಪಾಮೊರೆಲಿನ್‌ಗೆ 1.3 ಎಂದಿದೆ. ಹತ್ತು ಪಟ್ಟು ವ್ಯತ್ಯಾಸ ಎಲ್ಲಿಂದ? ಕೆಳಗಿನ ಸಾಂದ್ರತೆಗಳಲ್ಲಿ ವ್ಯತ್ಯಾಸ ಹೆಚ್ಚು, ಮೇಲಿನವುಗಳಲ್ಲಿ ಕಡಿಮೆ ಎಂಬುದನ್ನು ಗಮನಿಸಿದಾಗ ಸುಳಿವು ಸಿಕ್ಕಿತು. ನಾನು ಹತ್ತು ಹತ್ತು ಪಟ್ಟು ತೆಳುಮಾಡುತ್ತ ಹೋಗುತ್ತಿದ್ದದ್ದು ಸಾದಾ ಪ್ಲಾಸ್ಟಿಕ್ ನಳಿಕೆಗಳಲ್ಲಿ, ಬರಿಯ ಬಫರಿನಲ್ಲಿ. ಎರಡು ಟ್ರಿಪ್ಟೋಫಾನ್, ಒಂದು ಫಿನೈಲ್‌ಅಲನಿನ್ ಇರುವ, ಮೇಲೆ ಧನ ವಿದ್ಯುದಂಶವೂ ಇರುವ ಅಣು ಗೋಡೆಗೆ ಅಂಟದೆ ಇರುತ್ತದೆಯೇ? ದಟ್ಟ ದ್ರಾವಣದಲ್ಲಿ ಅಂಟಿ ಹೋದದ್ದು ಲೆಕ್ಕಕ್ಕೆ ಬರುವುದಿಲ್ಲ, ನ್ಯಾನೋಮೋಲಾರ್‌ನಲ್ಲಿ ಬಹುಪಾಲು ಗೋಡೆಯ ಪಾಲಾಗುತ್ತದೆ. ಬಫರಿಗೆ ಗೋಡೆಯನ್ನು ಮುಚ್ಚುವ ಬಿಎಸ್‌ಎ ಎಂಬ ಪ್ರೋಟೀನ್ ಶೇ. 0.1 ಸೇರಿಸಿದೆ, ಕಡಿಮೆ ಅಂಟುವ ನಳಿಕೆ ತರಿಸಿದೆ, ತೆಳುಮಾಡಿದ ಹತ್ತು ನಿಮಿಷದೊಳಗೆ ಬಳಸಿದೆ. 20 ಇದ್ದದ್ದು 3ಕ್ಕೆ ಇಳಿಯಿತು. ಮಾರ್ಗದರ್ಶಕರು ಗ್ರಾಫ್ ನೋಡಿ ಬಹಳ ಹೊತ್ತು ಏನೂ ಹೇಳಲಿಲ್ಲ, ಆಮೇಲೆ ಹಳೆಯ ಗ್ರಾಫನ್ನೂ ಪ್ರಬಂಧದಲ್ಲಿ ಸೇರಿಸು ಎಂದರು. ಸೇರಿಸಿದ್ದೇನೆ.

ಇನ್ನೊಂದು ವಿಷಯಕ್ಕೆ ತಾಳ್ಮೆ ಬೇಕು. ಈ ರಿಸೆಪ್ಟರ್ ಬೇಗ ದಣಿಯುತ್ತದೆ. ಒಂದು ಸಲ ಪೆಪ್ಟೈಡ್ ಹಾಕಿ, ತೊಳೆದು, ಸ್ವಲ್ಪ ಹೊತ್ತಿನಲ್ಲೇ ಎರಡನೇ ಸಲ ಹಾಕಿದರೆ ಕ್ಯಾಲ್ಸಿಯಂ ಗೆರೆ ಅರ್ಧವೂ ಏಳುವುದಿಲ್ಲ. ರಿಸೆಪ್ಟರ್‌ಗಳು ಕೋಶದ ಹೊದಿಕೆಯಿಂದ ಒಳಗೆ ಸರಿದಿರುತ್ತವೆ, ಮರಳಲು ಗಂಟೆಗಟ್ಟಲೆ ಬೇಕು. ಹಾಗಾಗಿ ಒಂದೇ ಗುಳಿಯಲ್ಲಿ ಕಡಿಮೆಯಿಂದ ಹೆಚ್ಚಿಗೆ ಏರಿಸುತ್ತ ಹೋಗುವ ಸುಲಭದ ದಾರಿ ಇಲ್ಲಿ ನಡೆಯುವುದಿಲ್ಲ. ಒಂದು ಸಾಂದ್ರತೆಗೆ ಒಂದು ಗುಳಿ, ಅಷ್ಟೆ.

ಕಳೆದ ನವೆಂಬರಿನಲ್ಲಿ ರಾಜ್ಯೋತ್ಸವದ ಕಾರ್ಯಕ್ರಮ ಮುಗಿಸಿ ಊಟದ ಸಾಲಿನಲ್ಲಿ ನಿಂತಿದ್ದಾಗ ಒಬ್ಬ ಹುಡುಗ ಬಂದ. ವಿಜಯಪುರದ ಕಡೆಯವನು, ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ದೇಹ ಕಟ್ಟಿದ್ದು ಅಂಗಿಯ ಮೇಲಿಂದಲೇ ತಿಳಿಯುತ್ತಿತ್ತು. "ಅಕ್ಕಾ, ನೀವು ಪೆಪ್ಟೈಡ್ ಮ್ಯಾಲೇ ಕೆಲಸಾ ಮಾಡ್ತೀರಂತಲ್ಲ" ಎಂದು ಶುರುಮಾಡಿದ. ಇಪಾಮೊರೆಲಿನ್ ಚುಚ್ಚಿಕೊಳ್ಳುತ್ತಿದ್ದಾನೆ, ಎರಡು ತಿಂಗಳಾಯಿತು. ಎಲ್ಲ ಸರಿ ಇದೆ, ಆದರೆ "ರಾತ್ರಿ ಎರಡಕ್ಕ ಎದ್ದು ಡಬ್ಬ್ಯಾಗ ರೊಟ್ಟಿ ಹುಡುಕಾಕ ಹತ್ತೀನ್ರಿ. ಇಂಥಾ ಹಸಿವು ಎಂದೂ ಇದ್ದಿಲ್ಲ."

ನನಗೆ ಆ ಹಸಿವಿನ ಮಾತು ಕಿವಿಯಲ್ಲಿ ಉಳಿಯಿತು. ಇಪಾಮೊರೆಲಿನ್ ಹೆಸರು ಮಾಡಿದ್ದು ಅದರ ಆಯ್ಕೆಯ ಗುಣಕ್ಕೆ: ಹಂದಿಗಳಲ್ಲಿ ನೋಡಿದಾಗ, ಬೆಳವಣಿಗೆ ಹಾರ್ಮೋನಿಗೆ ಬೇಕಾದ ಪ್ರಮಾಣದ 200 ಪಟ್ಟು ಕೊಟ್ಟರೂ ಒತ್ತಡದ ಹಾರ್ಮೋನ್ ಕಾರ್ಟಿಸಾಲ್, ಜಿಎಚ್‌ಆರ್‌ಎಚ್ ಕೊಟ್ಟಾಗಿನದಕ್ಕಿಂತ ಗಣನೀಯವಾಗಿ ಏರಲಿಲ್ಲ. ಅಂಥ ಜೋರು ಹಸಿವಿಗೆ ಹೆಸರಾದದ್ದು ಜಿಎಚ್‌ಆರ್‌ಪಿ-6. ತೆರೆಯದ ಒಂದು ಸೀಸೆ ತಂದುಕೊಡು ಎಂದೆ. ಮಾರ್ಗದರ್ಶಕರ ಅನುಮತಿ ಕೇಳಿದೆ, ಅವರು ಒಪ್ಪಿದರು. ಸೀಸೆಯ ಮೇಲೆ 'ಇಪಾಮೊರೆಲಿನ್, 5 ಮಿಲಿಗ್ರಾಂ, ಸಂಶೋಧನೆಗೆ ಮಾತ್ರ' ಎಂದಿತ್ತು. ತಯಾರಕರ ವಿಳಾಸವಿರಲಿಲ್ಲ.

ಇಪಾಮೊರೆಲಿನ್ ಆಗಿದ್ದರೆ ಮಾಸ್ ಸ್ಪೆಕ್ಟ್ರಮ್‌ನಲ್ಲಿ 712.4 ಬರಬೇಕು. ಬಂದದ್ದು 873.5. ಆ ಅಂಕಿಯನ್ನು ನಾನು ನಿದ್ದೆಯಲ್ಲಿ ಕಂಡರೂ ಗುರುತಿಸುತ್ತೇನೆ. ಎಚ್‌ಪಿಎಲ್‌ಸಿಗೆ ಹಾಕಿದೆ, ನನ್ನ ಪೆಪ್ಟೈಡ್ ಬರುವ ನಿಮಿಷಕ್ಕೇ ಬಂತು. ಎರಡನ್ನೂ ಬೆರೆಸಿ ಹಾಕಿದೆ, ಒಂದೇ ಶಿಖರ. ಪಕ್ಕದಲ್ಲಿ ಒಂದು ಸಣ್ಣ ಗುಡ್ಡ, ಅದರ ತೂಕ 889.5, ಅಂದರೆ ಹದಿನಾರು ಹೆಚ್ಚು: ಟ್ರಿಪ್ಟೋಫಾನ್ ಆಕ್ಸಿಜನ್ ಹಿಡಿದು ಹಾಳಾಗತೊಡಗಿತ್ತು. ಇಡೀ ಸೀಸೆಯನ್ನು ಐದು ಮಿಲಿಲೀಟರಿನಲ್ಲಿ ಕರಗಿಸಿ, ಇಪ್ಪತ್ತು ಪಟ್ಟು ತೆಳುಮಾಡಿ, 280ರಲ್ಲಿ ಓದಿದೆ. 0.39. ಲೆಕ್ಕ ಹಾಕಿದರೆ ಸೀಸೆಯಲ್ಲಿದ್ದದ್ದು 3.1 ಮಿಲಿಗ್ರಾಂ.

ಅವನನ್ನು ಕ್ಯಾಂಪಸ್ಸಿನ ಕ್ಯಾಂಟೀನಿಗೆ ಕರೆಸಿ, ಕಾಗದ ಮುಂದಿಟ್ಟು ಎಲ್ಲ ಹೇಳಿದೆ. ಈ ವರ್ಗದ ಪೆಪ್ಟೈಡ್‌ಗಳೆಲ್ಲ ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ವಾಡಾ ಸಂಸ್ಥೆಯ ನಿಷೇಧಿತ ಪಟ್ಟಿಯಲ್ಲಿವೆ ಎಂಬುದು ಅವನಿಗೆ ಗೊತ್ತಿತ್ತು, ಸ್ಪರ್ಧೆಗೆ ಇಳಿಯುವುದಿಲ್ಲ ಎಂದ. ನಾನು ಹೇಳಿದ್ದು ಬೇರೆ. ನನ್ನ ಯಂತ್ರಗಳು ತೋರಿಸಿದ್ದು ಅಣುವಿನ ಗುರುತು ಮತ್ತು ಪ್ರಮಾಣ ಮಾತ್ರ. ಒಳಗೆ ಬ್ಯಾಕ್ಟೀರಿಯಾ ಇದೆಯೇ, ಅವುಗಳ ವಿಷವಾದ ಎಂಡೋಟಾಕ್ಸಿನ್ ಇದೆಯೇ ಎಂದು ಅವು ಹೇಳುವುದಿಲ್ಲ. ಇಲಿಯ ಕೋಶಗಳ ಮೇಲೆ ಹಾಕುವುದನ್ನೇ ನಾನು 0.22 ಮೈಕ್ರಾನ್ ಶೋಧಕದಲ್ಲಿ ಸೋಸಿ ಹಾಕುತ್ತೇನೆ, ಅದು ಎಂಡೋಟಾಕ್ಸಿನ್ ತಡೆಯುವುದೂ ಇಲ್ಲ. ನಿನ್ನ ಹೊಟ್ಟೆಯ ಚರ್ಮದೊಳಗೆ ಹೋಗುತ್ತಿರುವುದು ಇದು ಎಂದೆ. ಹಸಿವಿನ ಜೊತೆಗೆ ರಕ್ತದ ಸಕ್ಕರೆಯನ್ನೂ ವೈದ್ಯರಲ್ಲಿ ನೋಡಿಸಿಕೋ, ಬೆಳವಣಿಗೆ ಹಾರ್ಮೋನ್ ಇನ್ಸುಲಿನ್‌ಗೆ ಎದುರಾಗಿ ಕೆಲಸ ಮಾಡುತ್ತದೆ ಎಂದೂ ಹೇಳಿದೆ.

ಅವನು ಕಾಗದ ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಕೇಳಿದ, "ಅಕ್ಕಾ, 3.1 ಅಂದ್ರ ಉಳಿದ 1.9 ಏನೈತಿ?"

ಲವಣ, ತೇವ ಇರಬಹುದು, ತುಂಬಿಸಲು ಹಾಕಿದ ಮ್ಯಾನಿಟಾಲ್ ಇರಬಹುದು, ನಾನು ಅಳೆದಿಲ್ಲ ಎಂದೆ. ಅದೇ ಪೆಟ್ಟಿಗೆಯ ಇನ್ನೆರಡು ಸೀಸೆ ಅವನ ಬ್ಯಾಗಿನಲ್ಲಿದ್ದವು, ಕೊಟ್ಟುಹೋದ. ಮರುದಿನ ಅವನ್ನೂ ಅಳೆದೆ. ಎರಡರಲ್ಲೂ 873.5. ಒಂದರಲ್ಲಿ 2.6 ಮಿಲಿಗ್ರಾಂ, ಇನ್ನೊಂದರಲ್ಲಿ 4.0. ಒಂದೇ ಪೆಟ್ಟಿಗೆ, ಒಂದೇ ಬ್ಯಾಚ್ ಸಂಖ್ಯೆ, ಮೂರು ಸೀಸೆ. ಫೋನಿನಲ್ಲಿ ಅಂಕಿ ಓದಿ ಹೇಳಿದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. "ಮನ್ಯಾಗ ಇನ್ನ ಏಳು ಅದಾವ" ಎಂದ. ಶನಿವಾರ ತಂದು ಕೊಟ್ಟ. ಸುಡಲು ಕಳಿಸುವ ಹಳದಿ ಚೀಲಕ್ಕೆ ಹಾಕುವ ಮೊದಲು ಏಳನ್ನೂ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ.